ಮೆಡಿಕಲ್ ಓದುವ ಹುಡುಗ

ಸೆಪ್ಟೆಂಬರ್ 18

ಇವತ್ತೂ ಸರ್ವರ್ ಡೌನ್. ಯಲಹಂಕದ ಸೈಬರ್ ಸೆಂಟರ್‌ನಲ್ಲಿ ಬೆಳಿಗ್ಗೆಯಿಂದ ಕೂತಿದ್ದೆ. ಮಧ್ಯಾಹ್ನ ಊಟದ ಹೊತ್ತಿಗೆ ಪೇಜ್ ತೆರೆದುಕೊಂಡಿತು. ಬಿ.ಎಸ್ಸಿ. ನರ್ಸಿಂಗ್, ಹೆಬ್ಬಾಳದ ಹತ್ತಿರದ ಕಾಲೇಜು. ಸೀಟು ಸಿಕ್ಕಿದೆ.

ಸೈಬರ್‌ನವನು ಪ್ರಿಂಟ್ ಕೊಡುತ್ತಾ, "ತಂಗಿಗಾ ಗುರು?" ಎಂದ. ನನಗೇ ಎಂದೆ. ಹಾಳೆ ತಿರುಗಿಸಿ ಹೆಸರು ನೋಡಿದ. ಗಿರಿ ಸಿ. ಪ್ರಿಂಟಿನ ದುಡ್ಡು ಎಣಿಸಿಕೊಂಡ.

ಮನೆಗೆ ಬಂದಾಗ ಅಪ್ಪ ನೀರಿನ ಟ್ಯಾಂಕರ್ ತೊಳೆಯುತ್ತಿದ್ದ.

"ಗಂಡ್ ಮಕ್ಳೂ ಓದ್ತಾರಾ ಅದನ್ನ?"

"ಓದ್ತಾರೆ."

"ಸರಿ, ಓಗು." ಮತ್ತೆ ಪೈಪ್ ಹಿಡಿದ.

ಅಮ್ಮ ಮಾತ್ರ ಯಾಕೆ ಎಂದು ಕೇಳಿದಳು. ಅಜ್ಜಿ ಹಾಸಿಗೆ ಹಿಡಿದಾಗ ನಾನೇ ನೋಡಿಕೊಂಡಿದ್ದೆನಲ್ಲ ಎಂದೆ. ಮೈ ಒರೆಸುವುದು, ಮಗ್ಗುಲು ಬದಲಿಸುವುದು, ಗಂಜಿ ಕುಡಿಸುವುದು. ಬೇಜಾರು ಅನ್ನಿಸಿರಲಿಲ್ಲ. ಬೇರೆ ಕಾರಣ ನನಗೂ ಗೊತ್ತಿಲ್ಲ.

ಅಕ್ಟೋಬರ್ 24

ಕ್ಲಾಸ್ ಶುರುವಾಗಿ ವಾರ ಕಳೆಯಿತು. ಹುಡುಗಿಯರೇ ಜಾಸ್ತಿ. ನಾವು ಹುಡುಗರು ಒಂದು ಬೆಂಚ್ ತುಂಬುತ್ತೇವೆ, ಅಷ್ಟೇ. ಇವತ್ತು ಲ್ಯಾಬ್‌ನಲ್ಲಿ ಬೆಡ್ ಮೇಕಿಂಗ್. ನನ್ನ ಪಾರ್ಟ್ನರ್ ರುಮಾನಾ, ಆರ್.ಟಿ. ನಗರದವಳು. ಬೆಡ್‌ಶೀಟಿನ ಮೂಲೆ ಮಡಿಸುವುದು ಬೇಗ ಕಲಿತಳು. ನನ್ನ ಮೂಲೆಯನ್ನು ಮೇಡಂ ಬಿಚ್ಚಿಸಿದರು, ಎರಡು ಸಲ.

"ನಿಮ್ಮನೇಲಿ ಏನಂದ್ರು?" ಎಂದಳು.

"ನಮ್ಮಪ್ಪ ಊರಲ್ಲಿ ಮೆಡಿಕಲ್ ಅಂತ ಹೇಳ್ಕೊಂಡು ಓಡಾಡ್ತಿದಾನೆ."

"ಹೌದಾ? ಡಾಕ್ಟರ್ ಸಾಬ್, ಆ ಕಡೆ ಸ್ವಲ್ಪ ಎಳೀರಿ ಹಂಗಾದ್ರೆ."

ಜೋಕ್ ಅಲ್ಲ. ರಾಜಾನುಕುಂಟೆಯ ಟೀ ಅಂಗಡಿಯಲ್ಲಿ ಅಪ್ಪ ನಿಜವಾಗಿಯೂ ಹಾಗೇ ಹೇಳಿದ್ದಾನೆ.

ನವೆಂಬರ್ 9

ಹಾಲಿನ ಡೇರಿ ಹತ್ತಿರ ಹನುಮಯ್ಯಮಾವ ಸಿಕ್ಕರು. ಎದುರು ಮನೆಯವರು. ಅಪ್ಪನ ಜೊತೆಯಲ್ಲೇ ಬೆಳೆದವರು. "ಡಾಕ್ಟ್ರಪ್ಪಾ, ಮೆಟ್ಲು ಅತ್ತುದ್ರೆ ಎದೆ ಇಡ್ಕೊಂಡಂಗ್ ಆಯ್ತದಲ್ಲ, ಏನ್ಲಾ ಅದು?" ಎಂದರು. ನಾನು ಡಾಕ್ಟರ್ ಓದುತ್ತಿಲ್ಲ, ಇವತ್ತೇ ಹೋಗಿ ಇಸಿಜಿ ಮಾಡಿಸಿ ಎಂದೆ. ನಕ್ಕರು. ಮೊದಲ ಮಾತನ್ನು ನಾಚಿಕೆ ಎಂದುಕೊಂಡರು. ಎರಡನೆಯದನ್ನು ಕಿವಿಗೇ ಹಾಕಿಕೊಳ್ಳಲಿಲ್ಲ.

ಮನೆಗೆ ಬಂದು ಅಪ್ಪನಿಗೆ ಹೇಳಿದೆ. "ಊರಿಗೆಲ್ಲ ನಿಜ ಹೇಳ್ಬಿಡು."

"ಯಾರ್ಗೇನ್ ನಷ್ಟ ಅದ್ರಿಂದ? ಆಸ್ಪತ್ರೇಲೇ ಅಲ್ವಾ ನೀನ್ ಇರಾದು?"

ಹನುಮಯ್ಯಮಾವನ ಎದೆ ವಿಷಯವನ್ನೂ ಹೇಳಿದೆ. "ಗ್ಯಾಸು" ಎಂದ.

ಡಿಸೆಂಬರ್ 17

ಲ್ಯಾಬ್‌ನಲ್ಲಿ ಸಿಪಿಆರ್. ಬೊಂಬೆಯ ಎದೆಯನ್ನು ಸರಿಯಾದ ಆಳಕ್ಕೆ ಒತ್ತಿದರೆ ಟಿಕ್ ಎನ್ನುತ್ತದೆ. ರುಮಾನಾಳ ಕೈ ಸೋತಿತು. ನನ್ನದೂ. ಆಂಬುಲೆನ್ಸ್ ಬರುವ ತನಕ ನಿಲ್ಲಿಸಬಾರದು ಎಂದರು ಮೇಡಂ. ಎದೆ ಬಡಿತ ನಿಂತ ಮೇಲೂ ಕೆಲವರು ಮಧ್ಯೆ ಮಧ್ಯೆ ಬಾಯಿ ತೆರೆದು ಗಾಳಿ ಎಳೆದುಕೊಳ್ಳುತ್ತಾರಂತೆ. ಅದು ಉಸಿರಾಟವಲ್ಲವಂತೆ. ಬರೆದುಕೊಂಡೆ. ಬಸ್‌ನಲ್ಲಿ ನಿದ್ದೆ ಹತ್ತಿ ಸ್ಟಾಪ್ ತಪ್ಪಿತು.

ಜನವರಿ 12, ಮಧ್ಯಾಹ್ನ

ಹನುಮಯ್ಯಮಾವ ಹೋದರು.

ಬೆಳಿಗ್ಗೆ ಡೇರಿ ಮುಂದೆ ಬಿದ್ದರು. ಹಾಲು ಚೆಲ್ಲಿತ್ತು. "ಚಿಕ್ಕಮಾರಯ್ಯನ ಮಗನ್ನ ಕರೀರ್ಲಾ, ಡಾಕ್ಟ್ರನ್ನ ಕರೀರಿ" ಎಂದು ಅಲ್ಲಿದ್ದವರು ಅಪ್ಪನ ಹೆಸರು ಹಿಡಿದು ಕೂಗಿದರಂತೆ. ಅಪ್ಪ, ನಾನು ಇಬ್ಬರೂ ಓಡಿದೆವು. ಭುಜ ತಟ್ಟಿದೆ. ಮಾತಿಲ್ಲ. ಕತ್ತಿನಲ್ಲಿ ನಾಡಿ ಸಿಗಲಿಲ್ಲ. 108ಗೆ ಫೋನ್ ಮಾಡು ಎಂದು ಅಪ್ಪನಿಗೆ ಹೇಳಿ ಒತ್ತಲು ಶುರು ಮಾಡಿದೆ. ಫಿಟ್ಸ್ ಎಂದುಕೊಂಡು ಯಾರೋ ಮಾವನ ಕೈಗೆ ಬೀಗದ ಕೀ ತುರುಕಿದರು. ಯಾರೋ ಸೋಡಾ ತಂದರು. ಮಾವ ಒಮ್ಮೆ ಬಾಯಿ ತೆರೆದು ಗಾಳಿ ಎಳೆದುಕೊಂಡರು.

"ಉಸ್ರಾಡ್ತಾವ್ರೆ! ಬಿಡ್ಲಾ, ಬಿಟ್ಬುಡು!" ಎಂದು ಅವರ ಮಗ ಸುನೀಲ ನನ್ನ ಶರ್ಟ್ ಎಳೆದ. ನಾನು ಬಿಡಲಿಲ್ಲ. ಕೈ ಕೆಳಗೆ ಏನೋ ಲಟಕ್ ಎಂದಿತು. ಪಕ್ಕೆಲುಬು. ಸುತ್ತ ನಿಂತಿದ್ದವರಿಗೂ ಕೇಳಿಸಿತು. ಆಮೇಲೂ ಒತ್ತಿದೆ.

ಆಂಬುಲೆನ್ಸ್ ಬಂತು. ಯಲಹಂಕದ ಆಸ್ಪತ್ರೆಯಲ್ಲಿ ನೋಡಿ, ಇಲ್ಲ ಎಂದರು.

ಇಷ್ಟೇ. ಅಂಗೈ ಇನ್ನೂ ಉರಿಯುತ್ತಿದೆ.

ಜನವರಿ 14

ಹಬ್ಬ. ಎಳ್ಳು ಹಂಚಲು ನಮ್ಮ ಬೀದಿಯಲ್ಲಿ ಯಾರೂ ಬರಲಿಲ್ಲ. ಎದುರು ಮನೆಯಲ್ಲಿ ಸಾವಾಗಿದೆ, ಸರಿ. ಆದರೆ ಪಕ್ಕದ ಬೀದಿಯವರೂ ಬರಲಿಲ್ಲ.

ಸುನೀಲ ಹೇಳಿಕೊಂಡು ತಿರುಗುತ್ತಿದ್ದಾನಂತೆ. ನಮ್ಮಪ್ಪ ಉಸಿರಾಡ್ತಿದ್ರು, ಡಾಕ್ಟ್ರು ಓದೋನು ಒಂದು ಸೂಜಿ ಹಾಕಲಿಲ್ಲ, ಎದೆ ಮುರಿದು ಕೊಂದ.

ಅಮ್ಮ ಹೇಳಿದ್ದು ಇದು. ಅಪ್ಪ ಊಟಕ್ಕೆ ಕೂತಿದ್ದವನು ತಟ್ಟೆ ಬಿಟ್ಟು ಎದ್ದ.

ಜನವರಿ 20

ಕಾಲೇಜಿಗೆ ಹೋಗಿಲ್ಲ. ಸಿಪಿಆರ್ ಬರೆದುಕೊಂಡ ಪುಟವನ್ನೇ ಓದುತ್ತಿದ್ದೇನೆ. ಉಸಿರಾಟವಲ್ಲ ಎಂದೇ ಬರೆದಿದೆ. ಕತ್ತು ಸರಿಯಾಗಿ ಮುಟ್ಟಿದ್ದೆನಾ? ಮುಟ್ಟಿದ್ದೆ. ಬಹುಶಃ.

ಮೇಡಂ ಫೋನ್ ಮಾಡಿದರು. ಎಲ್ಲ ಕೇಳಿಸಿಕೊಂಡು, "ರಿಬ್ ಮುರಿಯತ್ತಪ್ಪ. ನನ್ ಕೈಯಲ್ಲೂ ಮುರಿದಿದೆ. ಸೋಮವಾರ ಬಂದ್ಬಿಡು, ಅಟೆಂಡೆನ್ಸ್ ಶಾರ್ಟೇಜ್ ಆಗತ್ತೆ" ಎಂದರು. ರುಮಾನಾ ಒಂದು ವಾರದ ನೋಟ್ಸ್ ಫೋಟೊ ತೆಗೆದು ಕಳಿಸಿದ್ದಾಳೆ. ಈ ಸಲ ಡಾಕ್ಟರ್ ಸಾಬ್ ಎಂದು ಬರೆದಿಲ್ಲ.

ಜನವರಿ 22

ಹನ್ನೊಂದನೇ ದಿನದ ಕಾರ್ಯ. ನಾನು ಬರುವುದಿಲ್ಲ ಎಂದೆ. "ಬರ್ಬೇಕು" ಎಂದ ಅಪ್ಪ.

ಶಾಮಿಯಾನದ ಕೆಳಗೆ ಊಟಕ್ಕೆ ಎಲೆ ಹಾಕುತ್ತಿದ್ದರು. ನಮ್ಮನ್ನು ನೋಡಿ ಸುನೀಲ, "ಡಾಕ್ಟ್ರು ಬಂದ್ರು, ಚೇರ್ ಆಕ್ರಪ್ಪ" ಎಂದ. ಅಪ್ಪ ಕೂರಲಿಲ್ಲ. ಎಲ್ಲರ ಮಧ್ಯೆ ನಿಂತು ಹೇಳಿದ:

"ಇವ್ನು ಡಾಕ್ಟ್ರು ಓದ್ತಿಲ್ಲ ಕಣ್ರಪ್ಪ. ನರ್ಸು ಓದ್ತಾವ್ನೆ. ಸೇರಿ ಮೂರ್ ತಿಂಗ್ಳಾಗೈತೆ. ಸೂಜಿ ಇಡಿಯಕ್ಕೂ ಇನ್ನೂ ಏಳ್ಕೊಟ್ಟಿಲ್ಲ. ನಂಗೇ ನಾಚ್ಕೆ ಆಗಿ ಮೆಡಿಕಲ್ಲು ಅಂದಿದ್ದೆ. ಬೈಯಂಗಿದ್ರೆ ನನ್ನ ಬೈರಿ."

ಹಿಂದೆ ಯಾರೋ ನಕ್ಕರು. ಸುನೀಲ ನಗಲಿಲ್ಲ. "ನರ್ಸಾ? ಒಬ್ಬ ನರ್ಸಿನ್ ಕೈಗೆ ಕೊಟ್ವಾ ನಮ್ಮಪ್ಪನ್ನ?" ಎಂದು ಅಪ್ಪನ ಮೇಲೆ ಬಂದ. ಹಿಡಿದುಕೊಂಡರು.

ಒಳಗಿನಿಂದ ಮಾವನ ಹೆಂಡತಿ ಗೋಪಾಲಮ್ಮತ್ತೆ ಬಂದರು. ಮಗನನ್ನು ನೋಡಲಿಲ್ಲ, ಅಪ್ಪನನ್ನೂ ನೋಡಲಿಲ್ಲ. ನನ್ನ ಮುಂದೆ ನಿಂತರು.

"ನೀನ್ ಒತ್ತೋವಾಗ ಅವ್ರಿಗೆ ನೋವಾಯ್ತೇನಪ್ಪ?"

"ಇಲ್ಲ ಅತ್ತೆ. ಅವರಿಗೆ ಏನೂ ಗೊತ್ತಾಗ್ತಿರ್ಲಿಲ್ಲ."

"ಲಟಕ್ ಅಂದಾಗ್ಲೂ?"

"ಆಗ್ಲೂ ಇಲ್ಲ."

ತಲೆಯಾಡಿಸಿದರು. "ಎಲೆ ಮುಂದೆ ಕುಂತ್ಕೊ" ಎಂದರು. ಕೂತೆ. ತಿಂದೆ.

ಬಸ್ ಸ್ಟಾಪಿನವರೆಗೆ ಸುಮ್ಮನೆ ನಡೆದು ಹೋಗಿ ಬಂದೆ. ಅಪ್ಪನೂ ಜೊತೆಗೆ ಬಂದ.

ಫೆಬ್ರವರಿ 3

ಕಾಲೇಜು ನಡೆಯುತ್ತಿದೆ. ಮುಂದಿನ ವಾರದಿಂದ ವಾರ್ಡ್ ಪೋಸ್ಟಿಂಗ್. ಊರಲ್ಲಿ ಈಗ ಡಾಕ್ಟ್ರಪ್ಪ ಇಲ್ಲ. "ನರ್ಸಮ್ಮ" ಎಂದು ಡೇರಿ ಹತ್ತಿರ ಹುಡುಗರು ಕೂಗುತ್ತಾರೆ. ಸುನೀಲ ಮಾತು ಬಿಟ್ಟಿದ್ದಾನೆ. ಅಪ್ಪ ಈಗ ಟೀ ಕುಡಿಯಲು ಬೇರೆ ಅಂಗಡಿಗೆ ಹೋಗುತ್ತಾನೆ.

ಫೆಬ್ರವರಿ 9, ಬೆಳಿಗ್ಗೆ

ಗೋಪಾಲಮ್ಮತ್ತೆ ಬಂದಿದ್ದರು. ಬಿಪಿ ನೋಡಿಸಿಕೊಳ್ಳಲು ಇರಬೇಕೆಂದು ಅಮ್ಮ ಕುರ್ಚಿ ಹಾಕಿದಳು. ಕೂರಲಿಲ್ಲ.

"ಅವತ್ ಮಾಡುದ್ಯಲ್ಲ, ಅದ್ನ ನಂಗ್ ತೋರ್ಸು."

"ಯಾಕತ್ತೆ?"

"ಅವತ್ ಡೇರಿಗ್ ಆಲ್ ಆಕಕ್ಕೆ ಬಂದು ನಾನೂ ಪಕ್ಕದಲ್ಲೇ ನಿಂತಿದ್ದೆ. ಸುಮ್ನೆ ನಿಂತಿದ್ದೆ."

ಚಾಪೆ ಹಾಸಿ ದಿಂಬು ಇಟ್ಟೆ. ಅತ್ತೆ ಸೆರಗು ಸಿಕ್ಕಿಸಿ ಮಂಡಿಯೂರಿದರು. ಅಂಗೈ ಮೇಲೆ ಅಂಗೈ, ಮೊಣಕೈ ಮಡಿಸಬಾರದು ಎಂದೆ. ಒತ್ತಿದರು. ಇನ್ನೂ ಜೋರಾಗಿ ಎಂದೆ.

"ಮುರುದ್ರೆ?"

"ಮುರೀಲಿ. ನಿಲ್ಲಿಸ್ಬಾರ್ದು."

ಮತ್ತೆ ಒತ್ತಿದರು. ಬಳೆ ಇಲ್ಲದ ಕೈ. ಹಣೆಯಲ್ಲಿ ಬೆವರು. ಅಪ್ಪ ಬಾಗಿಲಲ್ಲಿ ಬಂದು ನಿಂತ. ಸಾಕು ಅತ್ತೆ ಎಂದೆ. ಕೇಳಿಸಲಿಲ್ಲವೋ ಏನೋ. ದಿಂಬು ಚಪ್ಪಟೆಯಾಗಿತ್ತು. ಅತ್ತೆ ಒತ್ತುತ್ತಲೇ ಇದ್ದರು.