ಡೈಮಂಡ್ ಲೀಡರನ ತಂಗಿ

ಲಿಂಗಸುಗೂರು,
ಮಂಗಳವಾರ

ಡೈಮಂಡ್ ಲೀಡರ್ ಶಿವಪ್ರಸಾದ ಅಣ್ಣಾ,

ಫೋನಿನ್ಯಾಗ ನಿನ್ನ ದನಿ ಕೇಳಾಕ ಮನಸಿಲ್ಲ, ಅದಕ್ಕ ಪತ್ರ ಬರಿಯಾಕತ್ತೀನಿ.

ಸಿಂಧನೂರಿನ ಮೀಟಿಂಗಿಗೆ ಅವ್ವನ್ನ ಕರಕೊಂಡು ಬಾ, ನಮ್ಮ ಪುಡಿಯಿಂದ ಸಕ್ಕರಿ ಕಾಯಿಲೆ ವಾಸಿ ಆತಂತ ಸ್ಟೇಜ್ ಮ್ಯಾಲ ಹೇಳಲಿ ಅಂದಿದ್ದಿ. ಮೊದಲ ಸೋಪು ಮಾರಿದಿ, ಆಮ್ಯಾಲ ನೀರಿನ ಫಿಲ್ಟರ್, ಈಗ ಈ ಪುಡಿ. ಕಂಪನಿ ಬದಲಾದ್ರೂ ಧಂದೆ ಒಂದ: ಹಳಬರು ಮ್ಯಾಲ ಏರಾಕ ಹೊಸಬರನ್ನ ಕೆಳಗ ಸೇರಸೋದು. ನಮ್ಮೂರು ಸಂತೆಕಲ್ಲೂರಾಗ ಬೀಗರು, ಗೆಳೆಯರು ಎಲ್ಲಾರೂ ಮುಗದ ಮ್ಯಾಲ ಹಡೆದವ್ವನ್ನೂ ಸೇರಿಸಿದಿ.

"ಗುಳಿಗಿ ಬಿಡಬೇ ಯವ್ವಾ, ಪುಡಿ ಸಾಕು" ಅಂದಿ. ಮಗ ಹೇಳ್ಯಾನ ಅಂತ ಆಕಿ ಬಿಟ್ಲು. ಸಕ್ಕರಿ ಏರಿ, ಕಾಲಿಗಾಗಿದ್ದ ಸಣ್ಣ ಗಾಯ ಕೊಳೀತು. ನಿನ್ನೆ ಇಲ್ಲಿ ದವಾಖಾನ್ಯಾಗ ಆಕಿ ಬಲಗಾಲಿನ ಹೆಬ್ಬೆರಳು ತಗದ್ರು. ಒಳಗ ಒಯ್ಯುವಾಗೂ ನನ್ನ ಕೈ ಹಿಡದು, "ಶಿವುಗ ಹೇಳಬ್ಯಾಡ, ಅವನ ಮೀಟಿಂಗ್ ಕೆಡತೈತಿ" ಅಂದ್ಲು. ಇಂಥಾಕಿಗೆ ಸುಳ್ಳು ಹೇಳಾಕ ನಿನಗ ಕಂಪನಿ ಟ್ರೇನಿಂಗ್ ಬೇಕಾಗಿತ್ತೇನು?

ಅವ್ವ ಬರಂಗಿಲ್ಲ, ನಾ ಬರತೀನಿ. ಮೈಕ್ ನನ್ನ ಕೈಯಾಗ ಕೊಡು. ಕೊಡಲಿಲ್ಲಂದ್ರೂ ನಡೀತೈತಿ, ಮೈಕ್ ಇಲ್ಲದನ ನನ್ನ ಮಾತು ಹಿಂದಿನ ಸಾಲಿನವರಿಗೂ ಕೇಳತೈತಿ.

ನಿನ್ನ ಕೆಳಗ ಯಾವತ್ತೂ ಸೇರದ ತಂಗಿ,
ಅನುಪಮಾ