ಗಾಳಿಯಲ್ಲಿ ಬಿಗಿದ ಬೋಲ್ಟ್

ಜೂನ್ 3

ಬೆಳಿಗ್ಗೆ ಒಂದು ಕ್ಲಚ್, ಒಂದು ಬ್ರೇಕ್. ಆಮೇಲೆ ಅಣ್ಣನ ಹಳೇ ಸ್ಪೋರ್ಟ್ಸ್ ಕಾರಿನ ಹೊದಿಕೆ ತೆಗೆದೆ. ಐದು ತಿಂಗಳಿಂದ ನನ್ನ ಗ್ಯಾರೇಜಿನ ಮೂಲೆ ಹಿಡಿದಿದೆ. ‘ಮಾರಿಬಿಡು’ ಅಂತ ಮೆಸೇಜ್ ಕಳಿಸಿದ್ದಾನೆ. ಮಾತಿಲ್ಲ, ಕತೆಯಿಲ್ಲ.

ಜನವರಿಯಲ್ಲಿ ಅವನು ಓಡಿಸುವಾಗ ತಿರುವಿನಲ್ಲಿ ಕಾರಿನ ಹಿಂಭಾಗ ಜಾರಿ ಕಂಬಕ್ಕೆ ಹೊಡೆದಿತ್ತು. ಪಕ್ಕದಲ್ಲಿದ್ದ ನನ್ನ ಮಗಳ ಕೈ ಮುರಿಯಿತು. ಆಸ್ಪತ್ರೆಯಲ್ಲಿ ಎಲ್ಲರೆದುರು ಅವನಿಗೆ ಅಂದೆ — "ಇನ್ನೊಂದ್ಸಲ ಸ್ಟೀರಿಂಗ್ ಮುಟ್ಟಿದ್ರೆ ನೋಡು!" ಮುಟ್ಟಿಲ್ಲ. ಬಸ್ಸಿನಲ್ಲಿ ಓಡಾಡುತ್ತಾನೆ. ಮಾವನ ಹೆಸರೆತ್ತಿದರೆ ಮಗಳು ಎದ್ದು ಹೋಗುತ್ತಾಳೆ.

ಆಗ ತಗಡು ನೇರ ಮಾಡಿ ಮುಚ್ಚಿಟ್ಟಿದ್ದೆ, ಅಷ್ಟೇ. ಕೆಳಗೆ ನೋಡಲಿಲ್ಲ. ತಪ್ಪು ಅವನದೇ ಅಂತ ತೀರ್ಮಾನ ಆಗಿತ್ತಲ್ಲ.

ಇವತ್ತು ಹಿಂದಿನ ಚಕ್ರ ಅಲ್ಲಾಡಿಸಿದೆ. ಲೊಟಲೊಟ. ಚಕ್ರ ಹಿಡಿದಿರುವ ತೋಳಿನ ಕೀಲಿನಲ್ಲಿರುವ ರಬ್ಬರ್ ಬುಷ್ ಹೋಗಿದೆ.

ಜೂನ್ 4

ಪ್ರೆಸ್‌ನಲ್ಲಿಟ್ಟು ಬುಷ್ ಹೊರಗೆ ತೆಗೆದೆ. ಎಡ ಚಕ್ರದ್ದೂ ಬಲ ಚಕ್ರದ್ದೂ ರಬ್ಬರ್ ಒಂದೇ ದಿಕ್ಕಿಗೆ ತಿರುಚಿ ಹರಿದಿದೆ. ಹಳೇದೇನಲ್ಲ. ಹೋದ ವರ್ಷ ನಾನೇ ಹಾಕಿದ್ದು.

ಕಾರು ಜಾಕ್ ಮೇಲಿದ್ದು ಚಕ್ರ ಗಾಳಿಯಲ್ಲಿ ನೇತಾಡುವಾಗ ಬುಷ್‌ನ ಬೋಲ್ಟಿಗೆ ಕಡೆಯ ಬಿಗಿ ಕೊಡಬಾರದು. ನೆಲಕ್ಕಿಳಿಸಿ, ಸೀಟಿನಲ್ಲಿ ಒಬ್ಬರನ್ನು ಕೂರಿಸಿ, ಆ ಭಾರದಲ್ಲೇ ಬಿಗಿಯಬೇಕು. ಇಲ್ಲದಿದ್ದರೆ ರಬ್ಬರ್ ತಿರುಚಿಕೊಂಡೇ ಇದ್ದು ಬೇಗ ಹರಿದು, ತಿರುವಿನಲ್ಲಿ ಹಿಂದಿನ ಚಕ್ರ ಹಿಡಿತ ತಪ್ಪುತ್ತದೆ. ಕೆಲಸಕ್ಕೆ ಬಂದವರಿಗೆಲ್ಲ ಬೈದು ಬೈದು ಕಲಿಸಿದ್ದು ಇದನ್ನೇ.

ಬುಷ್ ಹಾಕಿದ ದಿನ ಸಂಜೆ ಐದಕ್ಕೆ ಕಾರು ಕೊಡುತ್ತೇನೆ ಅಂದಿದ್ದೆ. ಆತುರ... ಜಾಕ್ ಮೇಲೇ ಬಿಗಿದೆ. ಚೆನ್ನಾಗಿ ನೆನಪಿದೆ.



ಜೂನ್ 5

ಹೊಸ ಬುಷ್ ಫ್ರೀಜರ್‌ನಲ್ಲಿಟ್ಟೆ. ತಣ್ಣಗಾದರೆ ಸ್ವಲ್ಪ ಕುಗ್ಗಿ ಸಲೀಸಾಗಿ ಕೂರುತ್ತದೆ.

"ಅಮ್ಮಾ, ಐಸ್‌ಕ್ರೀಮ್ ಪಕ್ಕ ಏನಿದು ಕರ್ಮ?" ಮಗಳು.

"ನಿನ್ನ ಮಾವನ ಕಾರಿಂದು."

ಬಾಗಿಲು ಧಡಾರ್ ಅಂತು. ಆಗಲೇ ಹೇಳಬೇಕಿತ್ತು. ಬಾಯಿ ಬರಲಿಲ್ಲ. ಬೈಯೋಕಾದರೆ ಮಾರುದ್ದ ನಾಲಿಗೆ ನನಗೆ.

ಜೂನ್ 17

ಹನ್ನೆರಡು ದಿನ ಆ ಕಾರಿಗೆ ಪುರುಸೊತ್ತಾಗಲಿಲ್ಲ.

ಸುಳ್ಳು. ಹೆದರಿಕೆ.

ಜೂನ್ 18, ಮಧ್ಯಾಹ್ನ 4

ಬುಷ್ ಕೂತವು. ಕಾರನ್ನು ಕೆಳಗಿಳಿದು ಕೆಲಸ ಮಾಡುವ ಗುಂಡಿಯ, ಅಂದರೆ ಪಿಟ್ ಮೇಲೆ ನಿಲ್ಲಿಸಿ ಅಣ್ಣನಿಗೆ ಫೋನ್ ಮಾಡಿದೆ. "ಸೀಟಲ್ಲಿ ಕೂರೋಕೆ ಒಬ್ರು ಬೇಕು." ಬಂದ. ಕೂತ. ಎರಡೂ ಕೈ ತೊಡೆಯ ಮೇಲೆ. ಸ್ಟೀರಿಂಗ್ ಕಡೆ ನೋಡಲಿಲ್ಲ.

ಪಿಟ್‌ಗೆ ಇಳಿದೆ. ಮುಖ ನೋಡಿ ಹೇಳುವ ಧೈರ್ಯ ಇರಲಿಲ್ಲ.

"ಅಣ್ಣಾ, ಅವತ್ತು ಜಾರಿದ್ದು ನಿನ್ನಿಂದಲ್ಲ. ಬುಷ್ ಹರಿದಿತ್ತು. ಚಕ್ರ ಗಾಳೀಲಿರೋವಾಗ್ಲೇ ನಾನೇ ಬೋಲ್ಟ್ ಬಿಗಿದಿದ್ದೆ."

ಒಂದು ಬೋಲ್ಟ್ ಬಿಗಿದೆ. ಇನ್ನೊಂದು.

"ಐದು ತಿಂಗಳಿಂದ ನೆಟ್ಟಗೆ ನಿದ್ದೆ ಮಾಡಿಲ್ಲ ಕಣೇ," ಅಂದ. "ಬ್ರೇಕ್ ಮೊದ್ಲೇ ಒತ್ಬೇಕಿತ್ತಾ, ಒತ್ತಲೇಬಾರದಿತ್ತಾ ಅಂತ."

ಕಣ್ಣು ತುಂಬಿತು. ಕೆಳಗಿದ್ದದ್ದೇ ಒಳ್ಳೆಯದಾಯಿತು.

"ನನಗೆ ಹೇಳಿದ್ದು ಸಾಕು," ಅಂದ. "ಅವಳಿಗೆ ಹೇಳು."

ಸಂಜೆ 5.20

ಅಣ್ಣ ಇನ್ನೂ ಕಾರಿನಲ್ಲೇ. ಮಗಳು ಕಾಲೇಜಿನಿಂದ ಬಂದಳು. ಅವನನ್ನು ಕಂಡವಳೇ ವಾಪಸ್ ತಿರುಗಿದಳು. ಕೂಗಿದೆ. ಬ್ಯಾಗ್ ಇಟ್ಟು ಬರ್ತೀನಿ ಅಂದಿದ್ದಾಳೆ. ಅಷ್ಟರೊಳಗೆ ಮೊದಲ ಮಾತನ್ನಾದರೂ ಇಲ್ಲಿ ಬರೆದು ನೋಡುತ್ತೇನೆ —

ಮಾವನ ತಪ್ಪಲ್ಲ ಕಂದಾ. ನಿನ್ನ ಕೈ ಮುರಿದಿದ್ದು ನಿನ್ನ ಅಮ್ಮ...