ಪೂಜೆಗಿಟ್ಟ ಸ್ಪ್ಯಾನರು

ಹುಣಸೂರು
25-9-2025, ಗುರುವಾರ

ಪ್ರೀತಿಯ ಅಕ್ಕಾ,

ನಿನ್ನ ಮಂಡಿನೋವು ಈಗ ಹೇಗಿದೆ? ಹಾಸ್ಟೆಲ್ಲಿನ ಅಡುಗೆಮನೆಯ ನೆಲ ಥಂಡಿ, ಚಪ್ಪಲಿ ಹಾಕಿಕೊಂಡೇ ನಿಲ್ಲಬೇಕಂತೆ, ಅವ್ವ ಹೇಳಿದ್ದಾಳೆ. ಅಡುಗೆಮನೆಯಲ್ಲಿ ಚಪ್ಪಲಿಯೇ ಎಂದು ನೀನು ಮೂಗು ಮುರಿಯುತ್ತೀಯೆಂದು ಅವಳಿಗೂ ಗೊತ್ತು. ಆದರೂ ಬರೆ ಎಂದಳು, ಬರೆದಿದ್ದೇನೆ. ಹೆಗ್ಗಡದೇವನಕೋಟೆ ಕಡೆ ಮಳೆ ಬಿಟ್ಟಿತೇ? ಅಷ್ಟೊಂದು ಮಕ್ಕಳಿಗೆ ಮುದ್ದೆ ತೊಳಸಿ ಬಡಿಸಿದ ಮೇಲೆ ನೀನು ಉಣ್ಣುತ್ತೀಯೋ ಇಲ್ಲವೋ ಎಂಬುದನ್ನು ಯಾರನ್ನು ಕೇಳುವುದು? ನೀನಂತೂ ಫೋನ್ ಮುಟ್ಟುವುದಿಲ್ಲ. ವಾರ್ಡನ್ ನಂಬರಿಗೆ ಮಾಡಿದರೆ, ಚೆನ್ನಾಗಿದ್ದೀನಿ ಎಂದು ಅವರ ಬಾಯಲ್ಲೇ ಹೇಳಿಸುತ್ತೀಯ. ಅದಕ್ಕೇ ಈ ಕಾಗದ. ಪೋಸ್ಟಾಫೀಸಿನಲ್ಲಿ ಕವರ್ ಕೇಳಿದರೆ ಅಲ್ಲಿದ್ದವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಗ್ರೀಸು ಮೆತ್ತಿದ ಬಟ್ಟೆಯಲ್ಲೇ ಹೋಗಿದ್ದೆ ಬಿಡು.

ಇಲ್ಲಿ ಎಲ್ಲ ಇದ್ದ ಹಾಗೇ ಇದೆ. ಅಪ್ಪನಿಗೆ ಬಿ.ಪಿ. ಮಾತ್ರೆ ಬದಲಾಯಿಸಿದ್ದಾರೆ. ಹಳೆಯದೇ ಚೆನ್ನಾಗಿತ್ತು ಎಂದು ಅವರು ದಿನವೂ ಗೊಣಗುತ್ತಾರೆ, ಹಳೆಯದು ಇದ್ದಾಗ ಅದನ್ನೂ ಬೈಯುತ್ತಿದ್ದರು. ಗ್ಯಾರೇಜಿನಲ್ಲಿ ಕೈತುಂಬ ಕೆಲಸ. ಹೊಗೆಸೊಪ್ಪು ಬೇಯಿಸಿ ಒಣಗಿಸುವುದಕ್ಕೆ ಸೌದೆ ಹೇರಿ ಹೇರಿ ಎಲ್ಲರ ಗಾಡಿಯ ಭಾರ ಹೊರುವ ಕಮಾನು ಪಟ್ಟಿಗಳೂ ಚಪ್ಪಟೆಯಾಗಿವೆ. ಮೊನ್ನೆ ಪಿರಿಯಾಪಟ್ಟಣದವನೊಬ್ಬ ಬಂದು ಒಂದು ಪಟ್ಟಿ ಹೆಚ್ಚಿಗೆ ಹಾಕಿಕೊಡು ಎಂದ. ಹಾಗೆ ಹಾಕಿದರೆ ಭಾರವೇನೋ ತಡೆಯುತ್ತದೆ, ಆದರೆ ಖಾಲಿ ಓಡುವಾಗ ಗಾಡಿ ಕುಣಿಯುತ್ತದೆ, ಗುಂಡಿಯ ಪೆಟ್ಟೆಲ್ಲ ಸ್ಟೇರಿಂಗಿಗೆ ಬಡಿಯುತ್ತದೆ ಎಂದೆ. "ಪಟ್ಟಿ ಆಕು ಅಂದ್ರೆ ಪಾಠ ಮಾಡ್ತೀಯಲ್ಲಮ್ಮ" ಎಂದ. ಹಾಕಿಕೊಟ್ಟೆ. ಮೊದಲಾಗಿದ್ದರೆ ಅವನ ಜೊತೆ ಜಗಳಕ್ಕೇ ನಿಲ್ಲುತ್ತಿದ್ದೆ, ನಿನಗೆ ಗೊತ್ತಲ್ಲ. ಈಗ ಕೋಪ ಬರುವುದಿಲ್ಲ, ಅಳುವೂ ಬರುವುದಿಲ್ಲ. ಸಾರಿಗೆ ಉಪ್ಪು ಹೆಚ್ಚಾಗಿದ್ದರೆ ಅವ್ವ ಹೇಳಿದ ಮೇಲೆ ಹೌದಲ್ಲ ಅನ್ನಿಸುತ್ತದೆ. ಕೈ ಮಾತ್ರ ಅದರ ಪಾಡಿಗೆ ಬೋಲ್ಟು ಬಿಚ್ಚುತ್ತದೆ, ಹಾಕುತ್ತದೆ.

ಭಾವ ಹೋಗಿ ಬರುವ ತಿಂಗಳಿಗೆ ಒಂದು ವರ್ಷ. ವರ್ಷದ ಕಾರ್ಯಕ್ಕೆ ಬರುವುದಿಲ್ಲ ಎಂದು ಅವ್ವನ ಕೈಲಿ ಹೇಳಿಕಳಿಸಿದ್ದೀಯ. "ಕೊಂದೋಳೇ ಬಂದು ಎಂಗವ್ವ ಕೈ ಮುಗಿಯೋದು" ಎಂದೆಯಂತೆ. ಅವ್ವ ಅದನ್ನು ಹೇಳಿ ಸೆರಗು ಬಾಯಿಗಿಟ್ಟುಕೊಂಡಳು. ನಾನು ಎದ್ದು ಹೋಗಿ ಟೈರು ತಿರುವಿ ಹಾಕಿದೆ. ಕಟ್ಟೆಮಳಲವಾಡಿಯ ತಿರುವಿನಲ್ಲಿ ಭಾವನ ಟೆಂಪೋ ಮರಕ್ಕೆ ಹೊಡೆದಾಗ ನಿನ್ನ ಕರೆ ನಡೆಯುತ್ತಲೇ ಇತ್ತು ಎಂಬುದು ಊರಿಗೆಲ್ಲ ಗೊತ್ತು. ಗಾಡಿ ಓಡಿಸುತ್ತಿದ್ದೇನೆ, ಆಮೇಲೆ ಮಾಡುತ್ತೇನೆ ಎಂದು ಭಾವ ಹೇಳಿದರಂತೆ. ಫೋನ್ ಇಡಬೇಡ, ನೆಂಟರ ಗೃಹಪ್ರವೇಶಕ್ಕೆ ಬರುತ್ತೀಯೋ ಇಲ್ಲವೋ ಈಗಲೇ ಹೇಳು ಎಂದು ನೀನು ಹಟ ಹಿಡಿದೆಯಂತೆ. ನೀನೇ ಪೊಲೀಸರ ಮುಂದೆ ಹೇಳಿದ್ದು. ಗಾಡಿ ನೋಡಿದ ಆರ್.ಟಿ.ಓ. ಇನ್ಸ್‌ಪೆಕ್ಟರು ಬ್ರೇಕು ಸರಿಯಿದೆ, ಸ್ಟೇರಿಂಗು ಸರಿಯಿದೆ ಎಂದು ಬರೆದರು. ಹಾಗಾದರೆ ಇನ್ನುಳಿದದ್ದು ಫೋನು ತಾನೇ ಎಂದು ರಾವಂದೂರಿನ ನಿನ್ನ ಗಂಡನ ಮನೆಯವರು ತೀರ್ಮಾನಿಸಿದರು. ನೀನೂ ಹಾಗೇ ಅಂದುಕೊಂಡೆ, ಮನೆ ಬಿಟ್ಟೆ. ನಾನು ಬಾಯಿ ಬಿಡಲಿಲ್ಲ. ಇವತ್ತು ಬಿಡಬೇಕು ಎಂದು ಕೂತಿದ್ದೇನೆ.

ನಿನಗೆ ಅರ್ಥವಾಗಲಿ ಎಂದು ಒಂದು ವಿಷಯ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳದೆ ಓದು. ಡ್ರೈವರು ಸ್ಟೇರಿಂಗ್ ತಿರುಗಿಸಿದರೆ ಮುಂದಿನ ಎರಡು ಚಕ್ರಗಳೂ ಒಟ್ಟಿಗೆ ತಿರುಗಬೇಕಲ್ಲ, ಅದಕ್ಕೆ ಎರಡನ್ನೂ ಸೇರಿಸುವ ಒಂದು ಉದ್ದನೆಯ ರಾಡಿದೆ. ಎಡಕ್ಕೆ ತಿರುಗುವಾಗ ಎಡಗಡೆಯ ಚಕ್ರ ಸ್ವಲ್ಪ ಹೆಚ್ಚು ತಿರುಗಬೇಕು, ಬಲದ್ದು ಸ್ವಲ್ಪ ಕಡಿಮೆ. ಆ ಲೆಕ್ಕಾಚಾರವೆಲ್ಲ ರಾಡಿನ ಉದ್ದದಲ್ಲಿ, ಅದು ಕೂರುವ ಕೋನದಲ್ಲಿ ಇರುತ್ತದೆ. ಡಿಪ್ಲೊಮಾದಲ್ಲಿ ನಾನು ಅದನ್ನೇ ಬರೆದು ತೋರಿಸಿ ಪೂರ್ತಿ ಮಾರ್ಕ್ಸ್ ತಗೊಂಡಿದ್ದೆ, ಭಾವ ಗ್ಯಾರೇಜಿಗೆಲ್ಲ ಮೈಸೂರುಪಾಕು ಹಂಚಿದ್ದರು. ರಾಡಿನ ತುದಿಯ ಕಡ್ಡಿ ಚಕ್ರಕ್ಕೆ ಸೇರಿದ ತೋಳಿನ ತೂತಿನೊಳಗೆ ಕೂರುತ್ತದೆ, ಅದನ್ನು ಒಂದು ನಟ್ಟು ಎಳೆದು ಹಿಡಿಯುತ್ತದೆ. ನಟ್ಟು ಬಿಚ್ಚಿಕೊಳ್ಳದ ಹಾಗೆ ಅಡ್ಡಲಾಗಿ ಒಂದು ಪಿನ್ನು ಹಾಕಿ ಅದರ ಎರಡು ಕಾಲನ್ನೂ ಬಗ್ಗಿಸುತ್ತೇವೆ. ಅಂಥದ್ದೇ ಪಿನ್ನು ನಮ್ಮಲ್ಲಿ ಹಾರ್ಲಿಕ್ಸ್ ಬಾಟಲಿ ತುಂಬ ಇದೆ.

ಹೋದ ವರ್ಷ ಆಯುಧಪೂಜೆಯ ಬೆಳಿಗ್ಗೆ ಭಾವ ಟೆಂಪೋ ತಂದರು. ರಾಡಿನ ಎಡತುದಿ ಸವೆದಿತ್ತು, ಹೊಸದು ಹಾಕಲು ನಾನೇ ಗಾಡಿಯ ಕೆಳಗೆ ಮಲಗಿದೆ. ಹಳೆಯದನ್ನು ಬಿಚ್ಚುವುದಕ್ಕೇ ಹೊತ್ತಾಯಿತು. ಹೊಸದನ್ನು ಕೂರಿಸಿ ನಟ್ಟನ್ನು ಬೆರಳಲ್ಲಿ ತಿರುಗಿಸುವಷ್ಟರಲ್ಲಿ ಅವ್ವ ಕೂಗಿದಳು. ಪೂಜೆ ಸಮಯ ಮೀರುತ್ತಿತ್ತು, ನನ್ನ ಕೈಲಿದ್ದ ಸ್ಪ್ಯಾನರೊಂದು ಬಿಟ್ಟು ಉಳಿದೆಲ್ಲ ಸಾಮಾನನ್ನೂ ತೊಳೆದು ವಿಭೂತಿ ಹಚ್ಚಿ ಸಾಲಾಗಿ ಇಟ್ಟಾಗಿತ್ತು. ಎರಡು ನಿಮಿಷ ಎಂದೆ. ಅವ್ವ ಬಗ್ಗಿ ಸ್ಪ್ಯಾನರನ್ನು ಕಿತ್ತುಕೊಂಡು ಹೋದಳು. ಮಂಗಳಾರತಿ ಆದ ಮೇಲೆ ಕೈ ಹಾಕಲು ಹೋದರೆ, "ಪೂಜೆಗಿಟ್ಟ ಸಾಮಾನು ಮುಟ್ಬಾರ್ದು ಕಣವ್ವ, ನಾಳೆ ಬೆಳಿಗ್ಗೆ ಎತ್ಕೋ" ಎಂದಳು. ಸರಿ, ಗಾಡಿ ನಾಳೆಯವರೆಗೂ ಇಲ್ಲೇ ತಾನೇ ಇರುವುದು ಎಂದುಕೊಂಡೆ. ಆದರೆ ಅಪ್ಪ ಬೂದುಗುಂಬಳ ಒಡೆದು ನಾಲ್ಕು ಚಕ್ರಕ್ಕೂ ನಿಂಬೆಹಣ್ಣು ಇಟ್ಟಿದ್ದರು. ಭಾವ ಹಾರ ಹಾಕಿದ ಗಾಡಿ ಹತ್ತಿ ನಿಂಬೆಹಣ್ಣು ಅಪ್ಪಚ್ಚಿ ಮಾಡಿ ಒಂದು ಸುತ್ತು ಹೊರಟರು. ಸುತ್ತಿ ಬಂದು ಬಾಗಿಲಲ್ಲೇ ನಿಲ್ಲಿಸಿ, "ಸ್ಟೇರಿಂಗು ಬೆಣ್ಣೆ ಇದ್ದಂಗದೆ ಕಣಮ್ಮಿ, ನಿನ್ ಕೈಗುಣ" ಎಂದರು. ಹಾಗೇ ಊರಿಗೆ ಹೊರಟೇ ಹೋದರು.

ನಾನು ಹೇಳಬಹುದಾಗಿತ್ತು. ಗಾಡಿ ಇಳೀರಿ ಭಾವ, ಕೆಲಸ ಮುಗಿದಿಲ್ಲ ಎಂದರೆ ಸಾಕಾಗಿತ್ತು. ಪೂಜೆ ಮಾಡಿದ ಗಾಡಿಯನ್ನು ಆಗಲೇ ನಿಲ್ಲಿಸು ಎನ್ನುವುದು ಅಪಶಕುನ ಎಂದು ನಾಲಿಗೆ ಏಳಲಿಲ್ಲ. ಅಪ್ಪ, ಅವ್ವ, ಬೀದಿಯವರೆಲ್ಲ ಪ್ರಸಾದ ಹಿಡಿದು ನಿಂತಿದ್ದರು. ನಾಲಿಗೆಯ ಮೇಲೆ ಹಾಕಿ ತಪ್ಪಿಸಿಕೊಳ್ಳುತ್ತಿಲ್ಲ ಅಕ್ಕ, ನನ್ನ ಜಂಬವೂ ಇತ್ತು. ಕೈಗುಣ ಎಂದು ಎಲ್ಲರ ಮುಂದೆ ಹೊಗಳಿದ ಮೇಲೆ ನಟ್ಟೇ ಬಿಗಿದಿಲ್ಲ ಎಂದು ಹೇಗೆ ಹೇಳಲಿ? ಮಾರನೆಯ ದಿನ ಫೋನ್ ಮಾಡಿ, ಒಂದು ಸಲ ಬಂದು ಹೋಗಿ, ಚೆಕ್ ಮಾಡಬೇಕು ಎಂದಷ್ಟೇ ಹೇಳಿದೆ. ಹರಾಜಿಗೆ ಹೊಗೆಸೊಪ್ಪಿನ ಲೋಡಿದೆ, ಅದನ್ನು ಇಳಿಸಿ ಬರುವಾಗ ಬತ್ತೀನಿ ಎಂದರು. ಮೂರನೆಯ ದಿನ ಆ ಲೋಡಿನ ಜೊತೆಗೇ ಹೋದರು. ಇನ್ಸ್‌ಪೆಕ್ಟರು ಸ್ಟೇರಿಂಗ್ ಸರಿಯಿತ್ತು ಎಂದು ಬರೆದಿದ್ದಾರೆ, ನಿಜ. ಆದರೆ ನಾನು ಪಿನ್ನು ಹಾಕಿರಲಿಲ್ಲ, ಅದೂ ನಿಜ. ಇಷ್ಟನ್ನು ನಿನಗೆ ತಿಳಿಸಬೇಕಾಗಿತ್ತು.

ಬರುವ ಬುಧವಾರ ಮತ್ತೆ ಆಯುಧಪೂಜೆ. ಸೂತಕದ ವರ್ಷ ಜೋರು ಬೇಡ, ಸಾಮಾನು ತೊಳೆದು ಒಂದು ದೀಪ ಹಚ್ಚಿದರೆ ಸಾಕು ಎಂದು ಅಪ್ಪ ಹೇಳುತ್ತಿದ್ದಾರೆ. ಅವರಿಗೂ ಅವ್ವನಿಗೂ ಇನ್ನೂ ಏನೂ ತಿಳಿಯದು. ಸ್ಪ್ಯಾನರು ಕಿತ್ತುಕೊಂಡದ್ದು ಅವ್ವನಿಗೆ ನೆನಪೇ ಇಲ್ಲ, ನೀನೂ ನೆನಪಿಸಬೇಡ. ಅವಳು ಕೊಟ್ಟ ನೋವಿನೆಣ್ಣೆಯನ್ನು ಕೋಟೆ ಬಸ್ಸಿನ ಕಂಡಕ್ಟರ್ ಕೈಲಿ ಕಳಿಸಿದ್ದೇನೆ, ಬಿಸಿ ಮಾಡಿ ಹಚ್ಚಿಕೋ. ಹೊತ್ತಿಗೆ ಸರಿಯಾಗಿ ಊಟ ಮಾಡು. ಅಪ್ಪ ಅವ್ವ ಆಶೀರ್ವಾದ ತಿಳಿಸಿದ್ದಾರೆ. ನನ್ನ ನಮಸ್ಕಾರವನ್ನು ನೀನು ತಗೊಳ್ಳುವುದಾದರೆ ತಗೋ.

ನಿನ್ನ ತಂಗಿ,
ಹೇಮಶ್ರೀ

ಮರೆತದ್ದಲ್ಲ, ಬರೆಯಲಾಗದೆ ಬಿಟ್ಟದ್ದು: ಕವರ್ ಅಂಟಿಸಿ ಮತ್ತೆ ಹರಿದಿದ್ದೇನೆ. ಆವತ್ತು ಗಾಡಿ ಎಳೆದು ತರಲು ಕ್ರೇನಿನ ಮೂರ್ತಿಯ ಜೊತೆ ಹೋದವಳು ನಾನೇ. ಚೈನು ಕಟ್ಟಲು ಕೆಳಗೆ ನುಗ್ಗಿದಾಗ ರಾಡಿನ ಎಡತುದಿ ಕಳಚಿ ನೇತಾಡುತ್ತಿತ್ತು, ನಟ್ಟು ಇರಲಿಲ್ಲ. ಚಕ್ರಗಳು ಆ ಕಡೆಗೊಂದು ಈ ಕಡೆಗೊಂದು ನಿಂತಿದ್ದವು, ಹಾಗೇ ಇದ್ದರೆ ಗಾಡಿ ಎಳೆಯಲು ಬರುವುದಿಲ್ಲ. ಎಳೆಯುವುದಕ್ಕೆ ಎಂದು ನನಗೆ ನಾನೇ ಹೇಳಿಕೊಂಡು ರಾಡು ಕೂರಿಸಿದೆ, ಬೇರೆ ನಟ್ಟು ಹಾಕಿ ಬಿಗಿದೆ. ಎಳೆಯುವುದಕ್ಕೆ ಪಿನ್ನು ಬೇಕಿರಲಿಲ್ಲ. ಪಿನ್ನನ್ನೂ ಹಾಕಿದೆ. ಮಾರನೆಯ ದಿನ ಇನ್ಸ್‌ಪೆಕ್ಟರು ಟಾರ್ಚ್ ಬಿಟ್ಟು ನೋಡಿ, ಇದನ್ನು ಕೂಡಿಸಿದ್ದು ಯಾರು, ಕೆಲಸ ಅಚ್ಚುಕಟ್ಟಾಗಿದೆ ಎಂದರು. ನಾನೇ ಸಾರ್ ಎಂದೆ. ನೀನು ಫೋನ್ ಮಾಡದಿದ್ದರೂ ಆ ತಿರುವಿನಲ್ಲಿ ಗಾಡಿ ಭಾವನ ಕೈಗೆ ಸಿಗುತ್ತಿರಲಿಲ್ಲ. ಇಷ್ಟನ್ನೇ ಬರೆದ ಇನ್ನೊಂದು ಕಾಗದ ಬ್ಯಾಗಿನಲ್ಲಿದೆ, ಇದನ್ನು ಪೋಸ್ಟ್ ಮಾಡಿ ಹಾಗೇ ಪೊಲೀಸ್ ಸ್ಟೇಷನ್ನಿಗೆ ಹೋಗುತ್ತೇನೆ. ನನ್ನನ್ನು ನೋಡಲು ಬರಬೇಡ ಅಕ್ಕ, ಭಾವನ ಕಾರ್ಯಕ್ಕೆ ಬಾ.